ವಂಶಾವಳಿ ತಂತ್ರಾಂಶ: ಕೆಪೆಯ ಕನ್ನಡ ಕುಟುಂಬಗಳಿಗೆ

ಉತ್ತರ ಕರ್ನಾಟಕದಲ್ಲಿ ಹೆಳವರು ಮನೆಮನೆಗೆ ಬಂದು ವಂಶಾವಳಿ ಹೇಳುವ ಪದ್ಧತಿಯುಂಟು. ಊರು ಬಿಟ್ಟು ಕೆಪೆಯಲ್ಲಿ ನೆಲೆಸಿದ ನಾವು ಆ ಲೆಕ್ಕವನ್ನು ನಾವೇ ಇಡಬೇಕಾಗಿದೆ. ಇದಕ್ಕೆ ಗ್ರಾಂಪ್ಸ್ ಎಂಬ ಉಚಿತ ತಂತ್ರಾಂಶ ಅನುಕೂಲ. ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು, ಅಂತರ್ಜಾಲವಿಲ್ಲದೆಯೂ ಬಳಸಬಹುದು. ಆದರೆ ಗಣಕ ತೆರೆಯುವ ಮೊದಲು ಅಜ್ಜಿಯ ಮಾತುಗಳನ್ನು ಮಕ್ಕಳು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಲಿ. ಉತಾರದ ನಕಲು ಮುಂದಿನ ವರ್ಷವೂ ದೊರೆತೀತು.

ನಮ್ಮ ದೊಡ್ಡ ತೊಡಕು ಹೆಸರಿನದು. ಅಜ್ಜ ಊರಿನ ಉತಾರದಲ್ಲಿ ಬಸಪ್ಪ, ಗೋವೆಯ ಪಡಿತರ ಚೀಟಿಯಲ್ಲಿ ಬಸವರಾಜ, ರೋಮನ್ ಲಿಪಿಯ ಕಾಗದದಲ್ಲಿ ಇನ್ನೊಂದು ಬಗೆ ಎಂದಿಟ್ಟುಕೊಳ್ಳೋಣ. ಅವರನ್ನು ಮೂವರಾಗಿ ನಮೂದಿಸಬಾರದು. ಒಬ್ಬರ ಪುಟದಲ್ಲೇ ಪರ್ಯಾಯ ಹೆಸರುಗಳಾಗಿ ಸೇರಿಸಿ, ಪ್ರತಿಯೊಂದಕ್ಕೂ ಮೂಲ ಜೋಡಿಸಬೇಕು: ಯಾವ ಕಾಗದ, ಯಾವ ವರ್ಷ, ಹೇಳಿದವರು ಯಾರು. ಅಜ್ಜಿಯ ಮಾತೂ ಒಂದು ಮೂಲವೇ.

ಊರಿನ ವಿಷಯವೂ ಹೀಗೆಯೇ. ಬಾಗಲಕೋಟೆಯು 1997ರವರೆಗೆ ಬಿಜಾಪುರ ಜಿಲ್ಲೆಯಲ್ಲಿತ್ತು; ಬಿಜಾಪುರವು 2014ರಲ್ಲಿ ವಿಜಯಪುರವಾಯಿತು. ಸ್ಥಳದ ಹೆಸರಿಗೂ ಅದು ಸೇರಿದ ಜಿಲ್ಲೆಗೂ ಕಾಲಾವಧಿ ನಮೂದಿಸುವ ಸೌಲಭ್ಯ ಗ್ರಾಂಪ್ಸ್‌ನಲ್ಲಿದೆ.

ಬದುಕಿರುವವರ ವಿವರಗಳನ್ನು ಖಾಸಗಿಯೆಂದು ಗುರುತಿಸಿದರೆ, ಬಂಧುಗಳಿಗೆ ಪ್ರತಿ ಕಳುಹಿಸುವಾಗ ಅವನ್ನು ಕೈಬಿಡಬಹುದು. ಕಡತವನ್ನು ಜೆಡ್‌ಕಾಮ್ ರೂಪದಲ್ಲಿಯೂ ಉಳಿಸಿರಿ. ಊರಿನಲ್ಲಿರುವ ದಾಯಾದಿಗಳು ಬೇರೆ ತಂತ್ರಾಂಶ ಬಳಸುತ್ತಿದ್ದರೂ ಅದನ್ನು ತೆರೆಯಬಲ್ಲರು.