ಸಬ್‌ಸ್ಟೇಷನ್ ಬ್ಯಾಟರಿ: ಪಾಲನೆ ಮತ್ತು ಪರೀಕ್ಷೆ

ವಿದ್ಯುತ್ ಸಬ್‌ಸ್ಟೇಷನ್ನಿನ ರಿಲೇ, ಬ್ರೇಕರ್, ಅಲಾರಾಂ, ತುರ್ತು ದೀಪಗಳಿಗೆ ಡಿಸಿ ವಿದ್ಯುತ್ ಒದಗಿಸುವ ಕೋಶಗಳ ಸಾಲೇ ಸ್ಟೇಷನ್ ಬ್ಯಾಟರಿ. ಇದು ಸಾಮಾನ್ಯವಾಗಿ 110 ಅಥವಾ 220 ವೋಲ್ಟಿನದು. ಸೀಸ-ಆಮ್ಲದ ಒಂದು ಕೋಶದಿಂದ ಸಿಗುವುದು 2 ವೋಲ್ಟ್. ಆದ್ದರಿಂದ 110 ವೋಲ್ಟಿಗೆ 55 ಕೋಶಗಳನ್ನು ಸರಣಿಯಲ್ಲಿ ಜೋಡಿಸುತ್ತಾರೆ.

ಏಕೆ ಬೇಕು?

ಲೈನಿನಲ್ಲಿ ಶಾರ್ಟ್ ಸರ್ಕ್ಯೂಟ್ ಆದಾಗ ರಿಲೇ ಅದನ್ನು ಗುರುತಿಸಿ ಬ್ರೇಕರಿನ ಟ್ರಿಪ್ ಕಾಯಿಲ್‌ಗೆ ವಿದ್ಯುತ್ ಹಾಯಿಸುತ್ತದೆ. ಆದರೆ ಅದೇ ಗಳಿಗೆಯಲ್ಲಿ ಸ್ಟೇಷನ್ನಿನ ಎಸಿ ವೋಲ್ಟೇಜ್ ಕುಸಿದಿರುತ್ತದೆ. ಬ್ರೇಕರ್ ತೆರೆಯುವ ಶಕ್ತಿಗೆ ಎಸಿಯನ್ನು ನಂಬುವಂತಿಲ್ಲ. ಡಿಸಿಯೂ ಕೈಕೊಟ್ಟರೆ ಬ್ರೇಕರ್ ಮುಚ್ಚಿಯೇ ಉಳಿಯುತ್ತದೆ. ದೂರದ ಇನ್ನೊಂದು ಸ್ಟೇಷನ್ ಟ್ರಿಪ್ ಆಗುವವರೆಗೂ ಫಾಲ್ಟ್ ಕರೆಂಟ್ ಹರಿಯುತ್ತಲೇ ಇರುತ್ತದೆ, ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕಂಡಂಥ ಗ್ರಿಡ್ ಕುಸಿತದ ನಂತರ ಸ್ಟೇಷನ್‌ಗಳನ್ನು ಮತ್ತೆ ಚಾಲೂ ಮಾಡುವುದಕ್ಕೂ ಬ್ಯಾಟರಿಯೇ ಆಧಾರ.

ದಿನನಿತ್ಯದ ಆರೈಕೆ

ಚಾರ್ಜರ್ ಬ್ಯಾಟರಿಯನ್ನು ಸದಾ ಫ್ಲೋಟ್ ಸ್ಥಿತಿಯಲ್ಲಿ, ಅಂದರೆ ಪ್ರತಿ ಕೋಶಕ್ಕೆ ಸುಮಾರು 2.2 ವೋಲ್ಟಿನಲ್ಲಿ, ಇರಿಸುತ್ತದೆ. ಇದಕ್ಕಿಂತ ಕಡಿಮೆಯಾದರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಹೆಚ್ಚಾದರೆ ನೀರು ಬೇಗ ಆರಿ ಫಲಕಗಳು ಸವೆಯುತ್ತವೆ. ದ್ರವದ ಮಟ್ಟ ಇಳಿದಾಗ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ಆಮ್ಲವನ್ನಲ್ಲ. ಟರ್ಮಿನಲ್‌ಗಳನ್ನು ಒರೆಸಿ, ಬಿಗಿದು, ಪೆಟ್ರೋಲಿಯಂ ಜೆಲ್ಲಿ ಸವರಬೇಕು.

ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನ ಅಂಕಿಯನ್ನು ಬರೆದುಕೊಳ್ಳುವಾಗ ಉಷ್ಣತೆಯನ್ನೂ ಬರೆಯುವುದು ಅತ್ಯಗತ್ಯ. ಟ್ಯೂಬುಲರ್ ಕೋಶಗಳಲ್ಲಿ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಂದ್ರತೆ 1.200ರ ಆಸುಪಾಸು ಇರುತ್ತದೆ. ಪ್ರತಿ ಡಿಗ್ರಿ ಏರಿಕೆಗೆ ಸುಮಾರು 0.0007 ಇಳಿಯುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ದ್ರವ 42 ಡಿಗ್ರಿ ಮುಟ್ಟಿದ್ದಾಗ 1.190 ಬಂದರೆ ಆ ಕೋಶ ಚೆನ್ನಾಗಿಯೇ ಇದೆ. ಗಾಬರಿಬಿದ್ದು ಬೂಸ್ಟ್ ಚಾರ್ಜ್ ಕೊಡಬೇಕಿಲ್ಲ. ವಿಆರ್‌ಎಲ್‌ಎ ಎಂಬ ಮುಚ್ಚಿದ ಬಗೆಯ ಬ್ಯಾಟರಿಗೆ ನೀರು ಹಾಕುವ ಕೆಲಸವಿಲ್ಲ, ಆದರೆ ಶಾಖವೇ ಅದರ ಶತ್ರು: ಉಷ್ಣತೆ ನಿಗದಿಗಿಂತ 8ರಿಂದ 10 ಡಿಗ್ರಿ ಹೆಚ್ಚಿದ್ದರೆ ಆಯುಷ್ಯ ಅರ್ಧಕ್ಕಿಳಿಯುತ್ತದೆ.

ಡಿಸ್ಚಾರ್ಜ್ ಪರೀಕ್ಷೆ

ಪ್ಯಾನೆಲ್ ಮೀಟರಿನಲ್ಲಿ 121 ವೋಲ್ಟ್ ಕಂಡಿತೆಂದರೆ ಚಾರ್ಜರ್ ಸರಿಯಾಗಿದೆ ಎಂದಷ್ಟೇ ಅರ್ಥ. ಸರಣಿಯ ನಡುವೆ ಒಂದು ಕೊಂಡಿ ಕಡಿದಿದ್ದರೂ ಮೀಟರ್ ಅದನ್ನೇ ತೋರಿಸುತ್ತದೆ, ಆದರೆ ಬ್ಯಾಟರಿಯಿಂದ ಒಂದು ಆಂಪಿಯರ್ ಕೂಡ ಬರುವುದಿಲ್ಲ. ಚಾರ್ಜರ್ ವೋಲ್ಟೇಜನ್ನು ಸ್ವಲ್ಪ ಹೊತ್ತು ತಗ್ಗಿಸಿ, ಬ್ಯಾಟರಿ ಲೋಡ್ ಹೊರುತ್ತದೆಯೇ ಎಂದು ನೋಡಿದರೆ ಈ ದೋಷ ಬಯಲಾಗುತ್ತದೆ. ಚಾರ್ಜರನ್ನು ಪೂರ್ತಿ ಆರಿಸುವುದು ಅಪಾಯ. ಸರಣಿ ಕಡಿದಿದ್ದರೆ ಸ್ಟೇಷನ್ನಿಗೆ ಡಿಸಿಯೇ ಇಲ್ಲದಂತಾಗುತ್ತದೆ.

ಸಾಮರ್ಥ್ಯ ತಿಳಿಯಲು ಡಿಸ್ಚಾರ್ಜ್ ಪರೀಕ್ಷೆಯೇ ಬೇಕು. 200 ಆಂಪಿಯರ್-ಅವರ್ ಬ್ಯಾಟರಿಯಿಂದ 20 ಆಂಪಿಯರ್ ಅನ್ನು ಸತತವಾಗಿ ಎಳೆಯುತ್ತ, ಗಂಟೆಗೊಮ್ಮೆ ಪ್ರತಿ ಕೋಶದ ವೋಲ್ಟೇಜ್ ದಾಖಲಿಸುತ್ತಾರೆ. ಕೋಶಕ್ಕೆ ಸರಾಸರಿ 1.85 ವೋಲ್ಟ್, ಅಂದರೆ 55 ಕೋಶಗಳಿಗೆ ಸುಮಾರು 102 ವೋಲ್ಟ್ ತಲುಪಿದಾಗ ನಿಲ್ಲಿಸುತ್ತಾರೆ. ಹೊಸ ಬ್ಯಾಟರಿ ಹತ್ತು ಗಂಟೆ ಬಾಳಬೇಕು. ಆ ಹೊತ್ತಿನಲ್ಲಿ ಸ್ಟೇಷನ್ನಿಗೆ ಬದಲಿ ಬ್ಯಾಟರಿ ಕೊಟ್ಟಿರಲೇಬೇಕು; ಮುಗಿದ ಕೂಡಲೇ ಪೂರ್ತಿ ಚಾರ್ಜ್ ಮಾಡಬೇಕು. ದುರ್ಬಲವಾಗುತ್ತಿರುವ ಸೆಟ್ಟಿಗೆ ಇದನ್ನು ವರ್ಷಕ್ಕೊಮ್ಮೆ ಮಾಡುವುದು ಕಡ್ಡಾಯ ಎಂದೇ ಭಾವಿಸಬೇಕು. ಆಂತರಿಕ ರೋಧ ಅಳೆಯುವ ಉಪಕರಣಗಳು ಕೆಟ್ಟ ಕೋಶವನ್ನು ಬೇಗ ಹುಡುಕಿಕೊಡುತ್ತವೆ, ಆದರೆ ಈ ಪರೀಕ್ಷೆಯ ಜಾಗ ತುಂಬಲಾರವು.

ಅರ್ತ್ ದೋಷ ಮತ್ತು ಸುರಕ್ಷತೆ

ಸ್ಟೇಷನ್ ಡಿಸಿಯ ಎರಡೂ ಧ್ರುವಗಳನ್ನು ನೇರವಾಗಿ ಭೂಮಿಗೆ ಜೋಡಿಸಿರುವುದಿಲ್ಲ. ಹಾಗಾಗಿ ಒಂದು ಕಡೆ ಲೀಕೇಜ್ ಆದರೂ ವ್ಯವಸ್ಥೆ ನಡೆಯುತ್ತದೆ. ಎರಡನೆಯದು ಸೇರಿಕೊಂಡರೆ ಬ್ರೇಕರ್ ತಾನಾಗಿ ಬೀಳಬಹುದು, ಇಲ್ಲವೇ ಬೇಕಾದಾಗ ಬೀಳದಿರಬಹುದು. ಡಿಸಿ ಲೀಕೇಜ್ ಅಲಾರಾಂ ಬಂದ ದಿನವೇ ಅದರ ಮೂಲ ಹುಡುಕಬೇಕು.

ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇ. 4 ಮುಟ್ಟಿದರೆ ಕಿಡಿಯೊಂದು ಸಾಕು. ಎಕ್ಸಾಸ್ಟ್ ಫ್ಯಾನ್ ಓಡುತ್ತಿರಬೇಕು. ಕನ್ನಡಕ, ಕೈಗವಸು, ಹತ್ತಿರದಲ್ಲೇ ಧಾರಾಳ ನೀರು ಇರಬೇಕು.

ಬದಲಾಯಿಸುವುದು ಯಾವಾಗ?

ಪರೀಕ್ಷೆಯಲ್ಲಿ ಸಾಮರ್ಥ್ಯ ಶೇ. 80ಕ್ಕಿಂತ ಕೆಳಗಿಳಿದರೆ ಬ್ಯಾಟರಿಯ ಕಾಲ ಮುಗಿದಂತೆ. ಅಲ್ಲಿಂದ ಮುಂದೆ ಕುಸಿತ ವೇಗವಾಗಿರುತ್ತದೆ. ಹಳೆಯ ಸೆಟ್ಟಿಗೆ ನಾಲ್ಕಾರು ಹೊಸ ಕೋಶ ಸೇರಿಸಿ ದಿನ ದೂಡುವುದು ಸರಿಯಲ್ಲ. ಹೊಸ ಸೆಟ್ಟಿನ ಬೆಲೆ ಒಂದು ಪವರ್ ಟ್ರಾನ್ಸ್‌ಫಾರ್ಮರಿನ ಬೆಲೆಯ ಮುಂದೆ ಅಲ್ಪವೇ. ಖರೀದಿಯನ್ನು ಮುಂದಿನ ಬಜೆಟ್ಟಿಗೆ ತಳ್ಳಬಾರದು.