ಸೊಸೈಟಿ ಬೋರ್ಡಿನ ಕೊನೆಗೆ ‘ನಿ.’ ಅಂತ ಯಾಕಿರುತ್ತದೆ?

ತಿಳವಳ್ಳಿ ಇರಲಿ, ಸವಣೂರು ಇರಲಿ, ಹಿರೇಕೆರೂರು ಇರಲಿ, ದುಡ್ಡು ಇಡಲು ನಮ್ಮ ಮುಂದೆ ಈಗ ನಾಲ್ಕಾರು ಬಾಗಿಲುಗಳಿವೆ. ಸೊಸೈಟಿ, ಕೆಸಿಸಿ ಬ್ಯಾಂಕು, ಗ್ರಾಮೀಣ ಬ್ಯಾಂಕು, ಕೆನರಾ ಅಥವಾ ಸ್ಟೇಟ್ ಬ್ಯಾಂಕು. ಎಲ್ಲ ಕಡೆಯೂ ಪಾಸ್‌ಬುಕ್ ಕೊಡುತ್ತಾರೆ, ಬಡ್ಡಿ ಕೊಡುತ್ತಾರೆ. ಹಾಗಾಗಿ ಎಲ್ಲವೂ ಒಂದೇ ಅನ್ನಿಸುತ್ತದೆ. ಆದರೆ ಒಂದೇ ಅಲ್ಲ. ಯಾಕೆ ಅಂತ ತಿಳಿಯಲು ನೂರಿಪ್ಪತ್ತು ವರ್ಷ ಹಿಂದೆ ಹೋಗಬೇಕು.

ಆಗ ಹಾನಗಲ್ಲ, ಗದಗ ಎರಡೂ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. (ಸವಣೂರಿನಲ್ಲಿ ಮಾತ್ರ ನವಾಬರ ಆಳ್ವಿಕೆ.) ಬೀಜಕ್ಕೆ, ಎತ್ತಿಗೆ, ಮದುವೆಗೆ ದುಡ್ಡು ಬೇಕಾದರೆ ರೈತನಿಗೆ ಸಾಹುಕಾರನ ಮನೆಯೇ ಗತಿ. 1875ರಲ್ಲಿ ಪುಣೆ, ಅಹಮದ್‌ನಗರ ಕಡೆಯ ರೈತರು ಸಿಟ್ಟಿಗೆದ್ದು ಸಾಹುಕಾರರ ಮನೆಗೆ ನುಗ್ಗಿ ಸಾಲದ ಪತ್ರಗಳನ್ನೇ ಸುಟ್ಟಿದ್ದರು. ಕೊನೆಗೆ ಬ್ರಿಟಿಷ್ ಸರ್ಕಾರ ಜರ್ಮನಿಯಲ್ಲಿ ರೈಫೈಸನ್ ಎಂಬುವವರು ಕಟ್ಟಿದ್ದ ಹಳ್ಳಿ ಸಂಘಗಳ ಮಾದರಿ ಹಿಡಿದು 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ತಂದಿತು. ಮರುವರ್ಷವೇ, 1905ರ ಮೇ ತಿಂಗಳಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅಂತ ಅದಕ್ಕೆ ಹೆಸರು.

ಆ ಕಾಯ್ದೆಯ ಒಂದು ಮಾತು ಇವತ್ತು ಓದಿದರೆ ಎದೆ ಝಲ್ಲೆನ್ನುತ್ತದೆ. ಹಳ್ಳಿ ಸಂಘದ ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ. ಸಂಘ ಮುಳುಗಿದರೆ ಅದರ ಸಾಲ ತೀರಿಸಲು ಪ್ರತಿ ಸದಸ್ಯನ ಹೊಲ, ಮನೆ, ಎಲ್ಲವೂ ಜಾಮೀನು. ಬಡವರ ಸಂಘಕ್ಕೆ ಹೊರಗಿನವರು ಧೈರ್ಯವಾಗಿ ದುಡ್ಡು ಕೊಡಲಿ ಅಂತ ಈ ಏರ್ಪಾಡು. ಇದರಿಂದ ಇನ್ನೊಂದು ಲಾಭವೂ ಇತ್ತು. ಎತ್ತಿಗೆ ಅಂತ ಸಾಲ ತಗೊಂಡವನ ಕೊಟ್ಟಿಗೆಗೆ ಎತ್ತು ಬಂತೋ ಇಲ್ಲವೋ ಅಂತ ಪಕ್ಕದ ಮನೆಯವ ನೋಡುತ್ತಿದ್ದ. ತನ್ನ ಹೊಲವೂ ಪಣಕ್ಕಿದೆಯಲ್ಲ!

ಆದರೆ ಆಸ್ತಿ ಇದ್ದವರು ಇದಕ್ಕೇ ಹೆದರಿ ದೂರ ಉಳಿದರು. ಸಂಘಗಳು ಹೆಚ್ಚಿದರೂ ಸಾಹುಕಾರ ಕದಲಲಿಲ್ಲ. 1951–52ರಲ್ಲಿ ರಿಸರ್ವ್ ಬ್ಯಾಂಕ್ ದೇಶದ ಹಳ್ಳಿಗಳ ಸಾಲದ ಸಮೀಕ್ಷೆ ಮಾಡಿಸಿದಾಗ, ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇ. 3ರಷ್ಟು. ಬ್ಯಾಂಕುಗಳದು ಶೇ. 1 ಕೂಡ ಇರಲಿಲ್ಲ. ಸಾಹುಕಾರರದು ಸುಮಾರು ಶೇ. 70. ಆಮೇಲೆ ಸಂಘಗಳನ್ನು ದೊಡ್ಡದು ಮಾಡಿ, ಸದಸ್ಯರ ಹೊಣೆಗೆ ಮಿತಿ ಹಾಕಿದರು. ಬೋರ್ಡಿನ ‘ನಿ.’ ಅಂದರೆ ಅದೇ, ನಿಯಮಿತ. ಸಂಘ ಮುಳುಗಿದರೆ ಸದಸ್ಯ ಕಳೆದುಕೊಳ್ಳುವುದು ತನ್ನ ಷೇರಿನ ಹಣ ಮಾತ್ರ. ಅವನ ಹೊಲ ಉಳಿಯುತ್ತದೆ. ಅಲ್ಲಿ ಠೇವಣಿ ಇಟ್ಟವರ ಹಿಂದೆ ನಿಂತಿದ್ದ ಊರಿನ ಆಸ್ತಿಯ ಬಲವೂ ಅಲ್ಲಿಗೆ ಹೋಯಿತು.

ಬ್ಯಾಂಕುಗಳು ಬೇರೆ ದಾರಿಯಲ್ಲಿ ಬಂದವು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುವ ಪಿಗ್ಮಿ ಶುರುಮಾಡಿತು. ಈಗ ಯಾರು ದಿನದ ದುಡ್ಡು ಎತ್ತಿದರೂ ನಾವು ಅದಕ್ಕೆ ಪಿಗ್ಮಿ ಅಂತಲೇ ಅನ್ನುತ್ತೇವೆ. 1969ರಲ್ಲಿ ಕೆನರಾ, ಸಿಂಡಿಕೇಟ್ ಸೇರಿ 14 ಬ್ಯಾಂಕುಗಳು ಸರ್ಕಾರದ್ದಾದವು. 1975ರಲ್ಲಿ ಗ್ರಾಮೀಣ ಬ್ಯಾಂಕುಗಳು ಬಂದವು. ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕ್ 1976ರದು. 2005ರಲ್ಲಿ ಅದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿಗೆ ಸೇರಿತು, 2025ರ ಮೇ 1ರಿಂದ ಬಳ್ಳಾರಿ ಮುಖ್ಯ ಕಚೇರಿಯ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಬೋರ್ಡು ಬದಲಾದರೂ ಠೇವಣಿ, ಸಾಲ ಎರಡೂ ಹೊಸ ಬ್ಯಾಂಕಿನ ಲೆಕ್ಕಕ್ಕೆ ಹೋಗುತ್ತವೆ. ಸಾಲ ಮಾತ್ರ ಮರೆತುಹೋಗಲಿ ಅಂದರೆ ಆಗುವುದಿಲ್ಲ!

ಠೇವಣಿಗೆ ವಿಮೆ ಬಂದದ್ದು ಕೇರಳದ ಒಂದು ಪೆಟ್ಟಿನಿಂದ. 1960ರಲ್ಲಿ ಅಲ್ಲಿನ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿತು. 1962ರಲ್ಲಿ ಠೇವಣಿ ವಿಮೆ ನಿಗಮ ಶುರುವಾಯಿತು. ಮೊದಲ ಮಿತಿ 1,500 ರೂಪಾಯಿ. 1993ರಲ್ಲಿ 1 ಲಕ್ಷ. 2020ರ ಫೆಬ್ರುವರಿಯಿಂದ ಅಸಲು ಬಡ್ಡಿ ಸೇರಿ 5 ಲಕ್ಷ. ವಿಮೆಯ ಕಂತು ಕಟ್ಟುವುದು ಬ್ಯಾಂಕು, ನೀವಲ್ಲ. ಸರ್ಕಾರಿ, ಖಾಸಗಿ, ಗ್ರಾಮೀಣ ಬ್ಯಾಂಕುಗಳಿಗೆ, ಕೆಸಿಸಿಯಂಥ ಸಹಕಾರಿ ಬ್ಯಾಂಕುಗಳಿಗೆ ಇದು ಅನ್ವಯಿಸುತ್ತದೆ.

ಪ್ರಾಥಮಿಕ ಕೃಷಿ ಪತ್ತಿನ ಸಂಘಕ್ಕೆ, ಪತ್ತಿನ ಸೌಹಾರ್ದಗಳಿಗೆ ಇಲ್ಲ. ಅವು ಬ್ಯಾಂಕಲ್ಲ. 2020ರ ತಿದ್ದುಪಡಿ ಕೂಡ ಕೃಷಿ ಪತ್ತಿನ ಸಂಘಗಳನ್ನು ಬ್ಯಾಂಕಿಂಗ್ ಕಾಯ್ದೆಯಿಂದ ಹೊರಗಿಟ್ಟಿದೆ. ಆದರೆ ಹೆಸರಿನಲ್ಲಿ ‘ಬ್ಯಾಂಕ್’ ಅಂತ ಹಾಕಿಕೊಳ್ಳಬಾರದು ಅನ್ನುವ ಷರತ್ತಿದೆ. ಹಳೆಯ ಕಾಲದ ಊರಿನ ಜಾಮೀನೂ ಇಲ್ಲ, ಈಗಿನ ವಿಮೆಯೂ ಇಲ್ಲ. ಸೊಸೈಟಿ ಕೆಟ್ಟದ್ದು ಅಂತ ನನ್ನ ಮಾತಲ್ಲ. ಬಡ್ಡಿ ಇಲ್ಲದ ಬೆಳೆ ಸಾಲ ನಮಗೆ ಸಿಗುವುದು ಬಹುಪಾಲು ಅಲ್ಲಿಂದಲೇ. ಅಲ್ಲಿಂದ ಸಾಲ ತರುವುದು ಬೇರೆ, ಮಗಳ ಮದುವೆಯ ದುಡ್ಡನ್ನು ಅಲ್ಲಿಡುವುದು ಬೇರೆ.

ಇನ್ನೊಂದು ವಿಷಯ. 5 ಲಕ್ಷದ ಲೆಕ್ಕ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಎಲ್ಲ ಶಾಖೆ ಸೇರಿ. ಸಿಂಡಿಕೇಟ್‌ನಲ್ಲಿ 4 ಲಕ್ಷ, ಕೆನರಾದಲ್ಲಿ 4 ಲಕ್ಷ ಇಟ್ಟವರಿಗೆ ಮೊದಲು ಎರಡಕ್ಕೂ ಬೇರೆ ಬೇರೆ ರಕ್ಷಣೆ ಇತ್ತು. 2020ರ ಏಪ್ರಿಲ್ 1ರಂದು ಎರಡೂ ಒಂದಾದವು. ಈಗ ಆ 8 ಲಕ್ಷದಲ್ಲಿ ವಿಮೆ ಇರುವುದು 5 ಲಕ್ಷಕ್ಕೆ.