ಲೈನ್ ಮನೆಯ ಲೆಕ್ಕಾಚಾರ

ವೀಕೆಂಡ್ ಬಂದರೆ ಸಾಕು, ನಮ್ಮ ಐಟಿ ಮಂದಿ ರಾಮನಗರ, ನಮ್ಮೂರು ಚನ್ನಪಟ್ಟಣ ಎಲ್ಲ ದಾಟಿಕೊಂಡು ಕೊಡಗಿನ ಹೋಂಸ್ಟೇ ಸೇರುತ್ತಾರೆ. ನಾನೂ ಅದೇ ಗುಂಪಿನವನು ಬಿಡಿ. ಅಲ್ಲಿ ಎಲ್ಲರ ಕ್ಯಾಮೆರಾ ತಿರುಗುವುದು ಬ್ರಿಟಿಷ್ ಕಾಲದ ಬಂಗಲೆಯ ಕಡೆಗೆ. ಅಗಲವಾದ ವರಾಂಡ, ಗೋಡೆಯಲ್ಲಿ ಅಗ್ಗಿಷ್ಟಿಕೆ, ಎತ್ತರದ ಚಾವಣಿ... ಚೆನ್ನಾಗಿಯೇ ಇರುತ್ತದೆ. ಆದರೆ ಅದೇ ತೋಟದ ಒಳಗೆ, ಅತಿಥಿಗಳ ಕಣ್ಣಿಗೆ ಬೀಳದ ಕಡೆ, ಉದ್ದಕ್ಕೆ ರೈಲು ಬೋಗಿಯ ಹಾಗೆ ಇನ್ನೊಂದು ಕಟ್ಟಡ ಇರುತ್ತದೆ. ಅದೇ ಲೈನ್ ಮನೆ.

ಕೊಡಗು ಬ್ರಿಟಿಷರ ಕೈಸೇರಿದ್ದು 1834ರಲ್ಲಿ. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ಶುರುಮಾಡಿದ. ಕಾಡು ಕಡಿದು ಗಿಡ ನೆಡಲು ಆಳುಗಳು ಬೇಕಲ್ಲ? ಮೇಸ್ತ್ರಿಗಳು ಮುಂಗಡ ಕೊಟ್ಟು ಮೈಸೂರು ಸೀಮೆಯಿಂದ ಜನರನ್ನು ಕರೆತಂದರು. 1859ರ ಒಂದು ಕಾಯ್ದೆಯ ಪ್ರಕಾರ ಮುಂಗಡ ಪಡೆದು ಕೆಲಸ ಬಿಟ್ಟು ಹೋದವನಿಗೆ ಮೂರು ತಿಂಗಳವರೆಗೆ ಜೈಲು ಶಿಕ್ಷೆ ವಿಧಿಸಬಹುದಿತ್ತು!

ಇದನ್ನು ತಿಳಿದುಕೊಂಡು ಲೈನ್ ಮನೆಯನ್ನು ನೋಡಿ. ಹತ್ತು ಮನೆಗಳನ್ನು ಬಿಡಿಬಿಡಿಯಾಗಿ ಕಟ್ಟಿದರೆ ಇಪ್ಪತ್ತು ಪಕ್ಕದ ಗೋಡೆಗಳು ಬೇಕು. ಸಾಲಾಗಿ ಅಂಟಿಸಿ ಕಟ್ಟಿದರೆ ಹನ್ನೊಂದೇ ಸಾಕು. ಎಲ್ಲಕ್ಕೂ ಸೇರಿ ಒಂದೇ ಸೂರು. ಇಂಜಿನಿಯರ್ ಕಣ್ಣಿಗೆ ಅಚ್ಚುಕಟ್ಟಾದ ಉಳಿತಾಯ. ಆದರೆ ಇನ್ನೊಂದು ಲಾಭವೂ ಇದೆ. ಸಾಲಿನ ಒಂದು ತುದಿಯಲ್ಲಿ ನಿಂತರೆ ಎಲ್ಲ ಬಾಗಿಲುಗಳೂ ಕಾಣುತ್ತವೆ. ಬೆಳಿಗ್ಗೆ ಯಾರು ಕೆಲಸಕ್ಕೆ ಹೊರಟರು, ಯಾರು ಒಳಗೇ ಉಳಿದರು ಅಂತ ಹೇಳಲು ಬೇರೆ ಹಾಜರಿ ಪುಸ್ತಕ ಬೇಕೇ? ನಾನು ನೋಡಿದ ಒಂದು ಹಳೆಯ ಸಾಲಿನಲ್ಲಿ ನಡುಗೋಡೆಗಳು ಹೆಂಚಿನವರೆಗೆ ಹೋಗಿಯೇ ಇರಲಿಲ್ಲ. ಒಂದು ಮನೆಯ ಒಲೆಯ ಹೊಗೆ, ಇನ್ನೊಂದು ಮನೆಯ ಜಗಳ, ಮಗುವಿನ ಕೆಮ್ಮು, ಎಲ್ಲವೂ ಎಲ್ಲರದ್ದು.

ಬ್ರಿಟಿಷರು ತಮ್ಮ ಊರಿನಲ್ಲೂ ಇಂಥದ್ದನ್ನು ಮಾಡಿದವರೇ. ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಲಾರ್ಡ್ ಮಿಲ್ಟನ್ ಎಂಬ ಜಮೀನ್ದಾರ ತನ್ನ ಮನೆಯ ಎದುರಿನ ನೋಟಕ್ಕೆ ಅಡ್ಡವಾಗುತ್ತದೆಂದು ಒಂದಿಡೀ ಪಟ್ಟಣವನ್ನೇ ಕೆಡವಿಸಿ, 1780ರ ಹೊತ್ತಿಗೆ ಮಿಲ್ಟನ್ ಆಬಾಸ್ ಎಂಬ ಹೊಸ ಹಳ್ಳಿ ಕಟ್ಟಿಸಿದ. ರಸ್ತೆಯ ಎರಡೂ ಬದಿಗೆ ಒಂದೇ ಅಚ್ಚಿನ 36 ಮನೆಗಳು. ಮಣ್ಣಿನ ಗೋಡೆ, ಹುಲ್ಲಿನ ಮಾಡು. ಒಂದೊಂದರಲ್ಲೂ ಎರಡು ಸಂಸಾರಗಳಿಗೆ ಸೇರಿ ಮುಂಬಾಗಿಲು ಒಂದೇ! ಇವತ್ತು ಅದು ಪ್ರವಾಸಿಗರು ಹುಡುಕಿಕೊಂಡು ಹೋಗುವ ಚೆಂದದ ಊರು. ಅಲ್ಲಿ ಕೂಲಿಯವರ ಮನೆಯೂ ಪರಂಪರೆ ಎನಿಸಿಕೊಂಡಿದೆ. ನಮ್ಮಲ್ಲಿ ಬಂಗಲೆಗೆ ಮಾತ್ರ ಆ ಭಾಗ್ಯ.

1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಕಾರ್ಮಿಕರಿಗೆ ಮನೆ ಕೊಡುವುದು ಮಾಲೀಕರ ಹೊಣೆ ಎಂದಿತು. ದೊಡ್ಡ ಹೆಜ್ಜೆಯೇ. ಆದರೂ ಮನೆ ಕೆಲಸಕ್ಕೇ ಅಂಟಿಕೊಂಡಿತ್ತು. ಕೆಲಸ ಹೋದರೆ ಸೂರೂ ಹೋಯಿತು. ನಮ್ಮೂರಿನ ಕಲಾನಗರದಲ್ಲಿ ಬೊಂಬೆ ಮಾಡುವವರ ಮನೆಯೂ ಕೆಲಸದ ಜಾಗವೂ ಒಟ್ಟಿಗೇ ಇವೆ. ಅಲ್ಲಿ ಓಡಾಡಿದವನಿಗೆ ವ್ಯತ್ಯಾಸ ತಟ್ಟನೆ ಗೊತ್ತಾಗುತ್ತದೆ. ಅಲ್ಲಿ ಕೆಲಸ ಮನೆಯೊಳಕ್ಕೆ ಬಂದಿದೆ. ಲೈನಿನಲ್ಲಿ ಮನೆಯೇ ಕೆಲಸದೊಳಕ್ಕೆ ಹೋಗಿದೆ.

ಹಳೆಯ ಲೈನುಗಳು ಹಾಗೆಯೇ ಇರಲಿ ಅಂತ ನಾನು ಹೇಳುತ್ತಿಲ್ಲ. ಹೊಗೆ ತುಂಬಿದ ಕೋಣೆಯಲ್ಲಿ ಯಾರೂ ಇತಿಹಾಸಕ್ಕೋಸ್ಕರ ಬದುಕಬೇಕಿಲ್ಲ. ಒಳ್ಳೆಯ ಮನೆ ಬರಲಿ, ಅವರ ಹೆಸರಿಗೇ ಬರಲಿ. ಆದರೆ ಕೆಡವುವ ಮುಂಚೆ ಯಾರಾದರೂ ಟೇಪು ಹಿಡಿದು ಅಳೆಯಲಿ, ನಕ್ಷೆ ಬರೆಯಲಿ, ಅಲ್ಲಿ ಹುಟ್ಟಿ ಬೆಳೆದವರನ್ನು ಮಾತಾಡಿಸಲಿ. ಬರೀ ಬಂಗಲೆಯೊಂದೇ ಉಳಿದರೆ, ಮುಂದೆ ನೋಡುವವರಿಗೆ ಆ ಕಾಫಿಯೆಲ್ಲ ತಾನಾಗಿಯೇ ಬೆಳೆದುಕೊಂಡಿತು ಅನಿಸೀತು.

ಮುಂದಿನ ಸಲ ಹೋದಾಗ ನೀವೂ ಸ್ವಲ್ಪ ಆ ಕಡೆ ನಡೆದು ಬನ್ನಿ. ಫೋಟೋ ತೆಗೆಯುವ ಮುಂಚೆ ಮನೆಯವರನ್ನು ಕೇಳಿ ಮಾತ್ರ :)